ಸೀಡಿಗೆ ಅಗಳಿ

ಆಗ ನನಗೆ ಐವತ್ತೊಂಬತ್ತು. ಇದಾಗಿ ಹದಿಮೂರು ವರ್ಷ ಆಯ್ತು. ರಿಪ್ಪನ್‌ಪೇಟೆಯ ಒಂದು ವಿಡಿಯೋ ಅಂಗಡಿಗೆ ಕಸ ಗುಡಿಸಕ್ಕೆ ಅಂತ ಸೇರಿದವಳು ಆ ಹೊತ್ತಿಗೆ ಸೀಡಿ ಬರೆಯುವ ಮಿಷನ್ನಿನ ಮುಂದೆ ಕೂತಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ, ಇಂಗ್ಲಿಷು ಬರಲ್ಲ. ಮಿಷನ್ನಿಗೆ ಇಂಗ್ಲಿಷು ಬೇಕಿರಲಿಲ್ಲ. ಕೆಂಪು ದೀಪ ಉರಿದರೆ ಬರೀತಾ ಇದೆ, ಹಸಿರು ಬಂದರೆ ಮುಗೀತು. ಡ್ರಾಯರು ತಾನೇ ಹೊರಗೆ ಬರತ್ತೆ. ಸೀಡಿ ಬೆಚ್ಚಗಿರತ್ತೆ, ಅಂಚು ಹಿಡಿದು ತೆಗೀಬೇಕು, ಹೊಟ್ಟೆಗೆ ಬೆರಳು ತಾಗಿಸಬಾರದು. ಒರೆಸೋದಾದರೆ ತೂತಿನಿಂದ ಅಂಚಿಗೆ ಒರೆಸಬೇಕು, ರಂಗೋಲಿ ಒರೆಸಿದ ಹಾಗೆ ಸುತ್ತಬಾರದು. ಇಷ್ಟು ಗೊತ್ತಿದ್ದರೆ ಕೆಲಸ ನಡೀತಿತ್ತು.

ಸೀಡಿಯಲ್ಲಿ ಎರಡು ಜಾತಿ. ಮಗುಚಿ ನೋಡಿದಾಗ ಹಸಿರು ಮಿಂಚಿದರೆ ಅದು ಒಂದೇ ಸಲ ಬರೆಯೋದು. ಬೂದಿ ಬಣ್ಣದ್ದು ಸ್ಲೇಟಿನ ಹಾಗೆ, ಒರೆಸಿ ಮತ್ತೆ ಬರೀಬಹುದು. ಮದುವೆಯವರಿಗೆ ಕೊಡಕ್ಕೆ ಹಸಿರು, ಮಾಲೀಕರು ತಾವು ಹಾಕಿ ನೋಡಿ ತಿದ್ದಕ್ಕೆ ಬೂದಿ.

ಮಾಲೀಕರು ಬಯಲುಸೀಮೆ ಕಡೆಯವರು. ಅವರ ಅಂಗಡಿಯಲ್ಲಿ ಒಂದು ಮಾತು ಆಡಂಗಿರಲಿಲ್ಲ. ಮುಚ್ಚು ಅನ್ನಬಾರದು. ಹಿಂದೆ ಅವರ ಊರಲ್ಲಿ ಇಟ್ಟಿದ್ದ ಅಂಗಡಿ ಎದ್ದು ಹೋಗಿತ್ತಂತೆ, ಅವತ್ತಿಂದ ಆ ಮಾತಿಗೆ ಭಯ. ಸಂಜೆ ಶಟರ್ ಎಳೆಯೋದಕ್ಕೆ ‘ಬಾಗಿಲು ಮುಂದೆ ಮಾಡು’ ಅನ್ನಬೇಕು. ಅದನ್ನು ತುಂಬಾ ಜನ ಅಂತಾರೆ, ಸರಿ. ಇವರು ಪೆನ್ನಿನ ಕ್ಯಾಪಿಗೂ ಮುಂದೆ ಮಾಡು, ನೀರಿನ ಬಾಟ್ಲಿಗೂ ಮುಂದೆ ಮಾಡು. ನನಗೆ ನಗು ಬರ್ತಿತ್ತು. ನಕ್ಕು ಸುಮ್ಮನಾಗ್ತಿದ್ದೆ. ಅವರ ಅಂಗಡಿ, ಅವರ ಭಯ.

ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬಳು ಚಾ ಅಂಗಡಿ ಇಟ್ಟಿದ್ದಳು. ದೊಡ್ಡ ಬಾಯಿಯ ಹೆಂಗಸು. ಬಸ್ಸಿನೊಳಗೆ ನಿದ್ದೆ ಮಾಡ್ತಿದ್ದವರೂ ಅವಳ ‘ಚಾ’ ಕೇಳಿ ಏಳೋರು. ಗಂಡ ಇಲ್ಲ, ಮಕ್ಕಳಿಲ್ಲ. ಜೊತೆಗೆ ಒಬ್ಬ ತಂಗಿ, ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ತಂಗಿಗೆ ನಲವತ್ತರ ಮೇಲಾಗಿದ್ದರೂ ಅಕ್ಕನ ಬಾಯಲ್ಲಿ ಪುಟ್ಟಿ. ಅಂಗಡಿ ಹಿಂದೆಯೇ ಮನೆ.

ಆ ದೊಡ್ಡ ಬಾಯಿಯ ಗಂಟಲಿಗೇ ಗಡ್ಡೆ ಆಯ್ತು. ದನಿಪೆಟ್ಟಿಗೆ ತೆಗೀಬೇಕು, ಆಮೇಲೆ ಕತ್ತಿನ ತೂತಿನಲ್ಲಿ ಉಸಿರು, ಮಾತಿಲ್ಲ ಅಂತ ಡಾಕ್ಟರು ಹೇಳಿದರಂತೆ. ಅವಳು ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದ್ದು ಇಷ್ಟು:

“ಇನ್ಮೇಲೆ ನಂಗೆ ಬಾಯಿಲ್ಲ, ಅವಳಿಗೆ ಕಣ್ಣಿಲ್ಲ. ಸನ್ನೆ ಮಾಡಿದ್ರೆ ಕಾಣಲ್ಲ, ಬರೆದು ತೋರ್ಸನ ಅಂದ್ರೆ ನಂಗೂ ಬರಲ್ಲ, ಅವಳಿಗೂ ಬರಲ್ಲ. ಮನೇಲಿ ಡಿವಿಡಿ ಇದೆ. ರಿಮೋಟಲ್ಲಿ ನಂಬರ್ ಒತ್ತಿದ್ರೆ ಆ ಹಾಡು ಬರತ್ತಲ್ಲ, ಹಂಗೆ ನನ್ನ ಮಾತು ಬರ್ಬೇಕು. ಒಂದು ಒತ್ತಿದ್ರೆ ಊಟಕ್ಕೆ ಬಾ. ಎರಡು ಒತ್ತಿದ್ರೆ ಬಿಸಿ ಇದೆ ಮುಟ್ಟಬ್ಯಾಡ. ಹಂಗೆ.”

ಮಾಲೀಕರು ಬಾಯಿ ಬಿಟ್ಟುಕೊಂಡು ನೋಡಿದರು. ಇಷ್ಟು ವರ್ಷ ಮದುವೆ ವಿಡಿಯೋ ಮಾಡಿದ ಮನುಷ್ಯನಿಗೆ ಇದು ಹೊಳೆದಿರಲಿಲ್ಲ.

“ಇನ್ನೊಂದು,” ಅಂದಳು ಅವಳು. “ನಿಮ್ಮಲ್ಲಿ ಒಬ್ರ ಮದುವೆ ಮೇಲೆ ಇನ್ನೊಬ್ರ ಮದುವೆ ಹಾಕ್ತೀರಂತೆ. ನನ್ನ ಮೇಲೆ ಯಾರ ಮದುವೆನೂ ಬರ್ಬಾರ್ದು. ಕ್ಯಾಸೆಟ್ಟಲ್ಲಿ ಒಂದು ಹಲ್ಲು ಇರ್ತಿತ್ತು, ಮುರಿದ್ರೆ ಮತ್ತೆ ಅದರ ಮೇಲೆ ತುಂಬಕ್ಕಾಗ್ತಿರ್ಲಿಲ್ಲ. ಇದರ ಹಲ್ಲು ಎಲ್ಲಿದೆ? ಮುರಿದೇ ಕೊಡಿ.”

ಸೀಡಿಗೆ ಹಲ್ಲಿಲ್ಲ, ಹಸಿರು ಸೀಡಿಯಲ್ಲಿ ಬರೆದದ್ದು ಅಳಿಸಕ್ಕೆ ಬರಲ್ಲ, ಮೇಲಿಂದ ಸೀಡಿಯ ಬಾಗಿಲನ್ನೂ ಮುಂದೆ ಮಾಡಿ ಕೊಡ್ತೀವಿ ಅಂತ ಮಾಲೀಕರು ಸಮಾಧಾನ ಹೇಳಿದರು. ಅವಳು ತಲೆ ಆಡಿಸಿದಳು. ನಾನೂ ಆಡಿಸಿದೆ.

ರೆಕಾರ್ಡಿಂಗು ಒಂದೇ ದಿನದಲ್ಲಿ ಮುಗಿಯೋ ಕೆಲಸ ಅಂದುಕೊಂಡಿದ್ದೆವು. ಆಗಲಿಲ್ಲ. ಒಳಕೋಣೆಯ ಗೋಡೆಗೆ ಕಂಬಳಿ ಹೊಡೆದಿದ್ದರೂ ಬಸ್ಸಿನ ಹಾರನ್ನು ಬರ್ತಿತ್ತು, ಪಕ್ಕದ ಅಕ್ಕಿ ಗಿರಣಿ ಶುರುವಾದರೆ ನಿಲ್ಲಿಸಬೇಕು. ಕರೆಂಟು ಹೋಗೋದು. ಅವಳ ಗಂಟಲು ಆಗಲೇ ಒಡೆದಿತ್ತು. ನಾಲ್ಕು ಮಾತು ಹೇಳಿದರೆ ಕೆಮ್ಮು, ಬಿಸಿ ನೀರು, ಮತ್ತೆ ನಾಲ್ಕು ಮಾತು. ಯಾವ ಮಾತು ಬೇಕು ಅಂತ ಕೂತು ಯೋಚಿಸಿದ್ದು ನಾವಿಬ್ಬರೇ, ಅವಳು ಮತ್ತೆ ನಾನು. ಬೆಳಗಿನಿಂದ ರಾತ್ರಿ ತನಕ ತಂಗಿಗೆ ಏನೇನು ಹೇಳ್ತಾಳೆ ಅಂತ ಕ್ರಮವಾಗಿ ನೆನಪು ಮಾಡ್ಕೊಂಡೆವು. ಊಟಕ್ಕೆ ಬಾ. ಬಿಸಿ ಇದೆ, ಮುಟ್ಟಬ್ಯಾಡ. ಹಾವು ಬಂದಿದೆ, ಅಲ್ಲೇ ನಿಲ್ಲು. ಅಂಗಳ ಜಾರತ್ತೆ. ಯಾರೋ ಬಂದಿದಾರೆ, ಸೆರಗು ಸರಿ ಮಾಡ್ಕ. ಮಾತ್ರೆ ತಗ. ನಾನಿಲ್ಲೇ ಇದೀನಿ. ಹೀಗೆ ಸುಮಾರು ಆಯ್ತು.

ಕೊನೆಗೆ ಅವಳು ಹೇಳಿದಳು, “ಒಂದು ಬೈಗುಳ ಬೇಕು ಮಾರಾಯ್ತಿ. ಬರೀ ಬಾ, ಹೋಗು ಅಂದ್ರೆ ನಾನು ಅಂತ ಅವಳು ನಂಬಲ್ಲ.”

ಮೈಕಿನ ಮುಂದೆ ಬೈದಳು: “ಏ ಪುಟ್ಟಿ, ಕಿವಿನೂ ಹೋಯ್ತೇನೆ ನಿಂದು? ಎಷ್ಟು ಸಲ ಕರೀಬೇಕೇ ಕತ್ತೆ!” ಮೊದಲನೇ ಸಲಕ್ಕೇ ಚೊಕ್ಕ ಬಂತು. ಕೆಮ್ಮಿಲ್ಲ, ಹಾರನ್ನಿಲ್ಲ. ಮಾಲೀಕರೇ ನಕ್ಕುಬಿಟ್ಟರು.

ಅದಾದ ಮೇಲೆ ಕಡೆಯದೊಂದು. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೇಳೋ ಮಾತು. “ಬಾಗಿಲು ಮುಂದೆ ಮಾಡ್ಕ. ಅಗಳಿ ಹಾಕಬ್ಯಾಡ. ನಾ ಬರ್ತೀನಿ.”

ಈ ಮಾತನ್ನು ಮಾಲೀಕರೂ ಕೇಳಿದರು, ನಾನೂ ಕೇಳಿದೆ. ನಮ್ಮ ಕಡೆ ಬಾಗಿಲು ಮುಂದೆ ಮಾಡೋದು ಅಂದರೆ ಎಳೆದುಕೊಂಡು ಬಿಡೋದು. ದನ ನುಗ್ಗಬಾರದು, ಮನೆಯವರು ತಳ್ಳಿದರೆ ತೆರೀಬೇಕು. ಗಟ್ಟಿ ಮಾಡೋದು ಅಂದರೆ ಅಗಳಿ ಹಾಕೋದು. ಎರಡೂ ಬೇರೆ. ಮಾಲೀಕರ ಬಾಯಲ್ಲಿ ಎರಡಕ್ಕೂ ಒಂದೇ ಮಾತು. ಇದು ಎದುರಿಗೇ ಇತ್ತು. ನಮಗೆ ಯಾರಿಗೂ ಹೊಳೀಲಿಲ್ಲ.

ಮಾಲೀಕರು ಎಲ್ಲಾ ಮಾತು ಕತ್ತರಿಸಿ ನಂಬರ್ ಹಾಕಿ ಜೋಡಿಸಿದರು. ಬರೆಯೋ ದಿನ ನಮ್ಮ ಮಿಷನ್ನಿನ ಡ್ರಾಯರು ಕಚ್ಚಿಕೊಂಡಿತು. ಪಿನ್ನು ಹಾಕಿ ಎಳೆದರೂ ಬರಲಿಲ್ಲ. ಅವಳಿಗೆ ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬಂದಿತ್ತು, ಹೋಗೋದರೊಳಗೆ ಅಕ್ಕ ತಂಗಿ ಕೂತು ನಂಬರ್ ರೂಢಿ ಮಾಡ್ಕೊಬೇಕು. ಮಾಲೀಕರಿಗೆ ಮದುವೆ ಶೂಟಿಂಗು. ಪೆನ್ ಡ್ರೈವ್ ನನ್ನ ಕೈಗೆ ಕೊಟ್ಟು, ಸಾಗರದ ಲ್ಯಾಬಿನಲ್ಲಿ ಹಸಿರು ಸೀಡಿಯಲ್ಲೇ ಬರೆಸು, ಬಾಗಿಲು ಮುಂದೆ ಮಾಡಿಸ್ಕೊಂಡು ಬಾ ಅಂದರು. ಸದ್ಯಕ್ಕೆ ಒಂದು ಸಾಕು, ನಮ್ಮ ಮಿಷನ್ನು ರಿಪೇರಿಯಾದ ಮೇಲೆ ಇನ್ನೊಂದು ತೆಗೆಯೋಣ ಅಂತಲೂ ಹೇಳಿದರು.

ಪೆನ್ ಡ್ರೈವನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಗರದ ಬಸ್ಸು ಹತ್ತಿದೆ. ಲ್ಯಾಬಿನ ಆಪರೇಟರು ಬಾಯಿ ಬಿಟ್ಟ ಕೂಡಲೇ ಹಿನ್ನೀರಿನ ಕಡೆಯವನು ಅಂತ ಗೊತ್ತಾಯ್ತು. ನಾನು ಹುಟ್ಟಿದ್ದು ಬ್ಯಾಕೋಡಿನ ಹತ್ತಿರ. ಅವನದು ತುಮರಿ. ಹಿನ್ನೀರು ದಾಟಕ್ಕೆ ಲಾಂಚಿಗೆ ಕಾದು ಕಾದು ಬೆಳೆದವರು ನಾವಿಬ್ಬರೂ. ಅಮ್ಮಾ ಅಂತ ಕುರ್ಚಿ ಕೊಟ್ಟ. ನಾನು ಮಾಲೀಕರ ಮಾತನ್ನು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಹಾಗೇ ಒಪ್ಪಿಸಿದೆ. ಬರೆದು ಬಾಗಿಲು ಮುಂದೆ ಮಾಡಬೇಕಂತೆ.

ಅವನು ನಕ್ಕ. “ಮುಂದೆ ಮಾಡಿದ್ರೆ ಸಾಕಾ? ಅಗಳಿ ಬ್ಯಾಡ್ವಾ?”

“ಮುಂದೆ ಮಾಡು ಅಂದಿದಾರೆ.”

“ಹಂಗಾದ್ರೆ ಇನ್ನೂ ಏನೋ ಸೇರ್ಸೋದಿದೆ ಅಂತ ಕಾಣತ್ತೆ.”

ಇರಬಹುದು ಅಂದೆ. ಆದರೂ ಮನಸ್ಸು ತಡೀಲಿಲ್ಲ, ಅವನ ಫೋನಿನಿಂದಲೇ ಮಾಲೀಕರಿಗೆ ಮಾಡಿಸಿದೆ. ಮದುವೆ ಮನೆಯ ಓಲಗದಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ, ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಒಂದು ಸಣ್ಣ ಚೌಕ ಇತ್ತು. ಅದರೊಳಗೆ ಸರಿ ಗುರುತು ಇದ್ದದ್ದನ್ನು, ಅದೇ ಅಗಳಿಯಂತೆ, ಅವನು ತೆಗೆದ. ಆಮೇಲೆ ಬರೆಯಕ್ಕೆ ಬಿಟ್ಟ. ನಾನು ನೋಡ್ತಾ ಕೂತಿದ್ದೆ. ನಾನೂ ಅವನೂ ಒಂದೇ ಕಡೆಯವರು, ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥ ಆಯ್ತು. ಕೆಟ್ಟದ್ದು ಅಲ್ಲೇ.

ಸಂಜೆ ರಿಪ್ಪನ್‌ಪೇಟೆಯಲ್ಲಿ ಮಾಲೀಕರು ಕೇಳಿದರು, ಮುಂದೆ ಮಾಡಿದರಾ. ಮಾಡಿದರು ಅಂದೆ. ಅವರಿಗೂ ಅರ್ಥ ಆಯ್ತು.

ಸೀಡಿ ಅಕ್ಕ ತಂಗಿಯ ಮನೆಗೆ ಹೋಯಿತು. ಪುಟ್ಟಿ ಕೈಯಲ್ಲಿ ಸವರಿ ನೋಡಿ, ಬೇರೆ ಸೀಡಿಗಳ ಜೊತೆ ಸೇರಬಾರದು ಅಂತ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನು ತೆಗೆದು ಸೀಡಿಯ ಮೇಲುಗಡೆ, ತೂತಿನ ಹತ್ತಿರ ಅಂಟಿಸಿದಳು. ಬೆರಳಿಗೆ ಸಿಕ್ಕಬೇಕಲ್ಲ. ನಾನು ಅಲ್ಲೇ ಇದ್ದೆ, ಒಳ್ಳೇ ಉಪಾಯ ಅಂದೆ. ಎರಡು ದಿನ ಅಕ್ಕ ಬಾಯಿ ಕಟ್ಟಿಕೊಂಡು ಬರೀ ರಿಮೋಟಿನಲ್ಲಿ ಮಾತಾಡಿ ನೋಡಿದಳು. ಎರಡು ಒತ್ತೋದಕ್ಕೆ ಮೂರು ಒತ್ತಿ, ಊಟಕ್ಕೆ ಕೂತವಳಿಗೆ ಹಾವು ಬಂದಿದೆ ಅನ್ನಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರಂತೆ.

ಅಕ್ಕ ಆಸ್ಪತ್ರೆಗೆ ಹೋದಳು. ತಂಗಿಯನ್ನು ತೀರ್ಥಹಳ್ಳಿಯಲ್ಲಿದ್ದ ಅವರ ತಮ್ಮ ತನ್ನ ಮನೆಗೆ ಕರ್ಕೊಂಡು ಹೋದ. ಸೀಡಿಯೂ ಜೊತೆಗೆ ಹೋಯ್ತು. ಈ ಕಡೆ ನಮ್ಮ ಮಿಷನ್ನು ರಿಪೇರಿ ಆಗೋದು ಮಳೆಗಾಲದ ತನಕ ಎಳೀತು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಮದುವೆ ತುಂಬಿ ಜಾಗ ಇಲ್ಲದೆ ಮಾಲೀಕರು ಹಳೇದನ್ನೆಲ್ಲ ತೆಗೆದಿದ್ದರು. ಪೆನ್ ಡ್ರೈವಿನಲ್ಲಿ ಯಾರದ್ದೋ ಸೀಮಂತ ಕೂತಿತ್ತು. ಸೀಡಿ ಇದೆಯಲ್ಲ, ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ ಅಂದರು.

ಅಕ್ಕ ವಾಪಸ್ಸು ಬಂದಳು. ಕತ್ತಿಗೆ ಬಿಳಿ ಬಟ್ಟೆ. ಅದರ ಕೆಳಗಿನಿಂದ ಸುಯ್ ಅಂತ ಉಸಿರು. ತಮ್ಮ ತಂಗಿಯನ್ನು ಕರ್ಕೊಂಡು ಬಂದು ಮನೆ ಸೇರಿಸಿ, ಡಿವಿಡಿ ಜೋಡಿಸಿಕೊಟ್ಟು, ಪುಟ್ಟಿಗೆ ಬೇಜಾರು ಕಳೀಲಿ ಅಂತ ಅದರಲ್ಲೇ ಒಂದಿಷ್ಟು ಭಜನೆಯನ್ನೂ ಹಾಕಿಸಿದೀನಿ, ಜಾಗ ಬೇಕಾದಷ್ಟಿತ್ತು ಅಂತ ಹೇಳಿ ಸಂಜೆ ಬಸ್ಸಿಗೆ ಹೋದನಂತೆ. ಒಳ್ಳೇ ಮನುಷ್ಯ. ಒಳ್ಳೇದಕ್ಕೇ ಮಾಡಿದ.

ಮಾರನೇ ಬೆಳಿಗ್ಗೆ ಅವಳು ಚಾ ಅಂಗಡಿಯ ಹಾಲು ಕಾಸಿ ಕೆಳಗಿಟ್ಟಿದ್ದಳು. ತಂಗಿ ತಡಕಾಡ್ತಾ ಒಳಗೆ ಬಂದಳು. ಅಕ್ಕ ರಿಮೋಟು ಎತ್ತಿ ಎರಡು ಒತ್ತಿದಳು. ಬಿಸಿ ಇದೆ ಮುಟ್ಟಬ್ಯಾಡ ಅನ್ನೋ ಜಾಗದಲ್ಲಿ ತಾಳ, ಹಾರ್ಮೋನಿಯಂ ಶುರುವಾಯ್ತು. ಭಜನೆ ಕೇಳಿ ಖುಷಿಯಾದ ತಂಗಿ ಹಾಗೇ ಕೂತಳು, ಕೈ ಊರಿದ್ದು ಹಾಲಿನ ಪಾತ್ರೆಗೆ. ಕೂಗಕ್ಕೆ ಅಕ್ಕನಿಗೆ ದನಿ ಇಲ್ಲ. ಎದ್ದು ಓಡಿ ಬರುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಅವಳು ನಮ್ಮ ಅಂಗಡಿಗೆ ಓಡಿ ಬಂದಾಗ ಕೈಯಲ್ಲಿ ರಿಮೋಟು ಹಾಗೇ ಇತ್ತು. ಮಾಲೀಕರ ಎದೆಗೆ ಅದನ್ನು ಹಿಡಿದು ಗುಂಡಿ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ನಮಗೆ ಏನಂತ ಗೊತ್ತಾಗಲಿಲ್ಲ. ನಾನು ಅವಳ ಹಿಂದೆ ಮನೆಗೆ ಹೋದೆ. ಪುಟ್ಟಿ ಬಕೆಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕೂತಿದ್ದಳು. ಏನಾಯ್ತು ಅಂತ ಅವಳೇ ಹೇಳಿದಳು. ನಾನು ಒಂದರಿಂದ ಎಲ್ಲಾ ನಂಬರನ್ನೂ ಒತ್ತಿ ನೋಡಿದೆ. ಎಲ್ಲಾ ಭಜನೆ. ಆ ಹೆಂಗಸಿನ ಒಂದು ಮಾತೂ ಇಲ್ಲ.

ಸೀಡಿ ಹೊರಗೆ ತೆಗೆದರೆ ಬೊಟ್ಟೂ ಇಲ್ಲ. ಅದಿದ್ದ ಜಾಗದಲ್ಲಿ ಬೆಳ್ಳಿ ಎದ್ದು ಬಂದಿತ್ತು. ತಮ್ಮನಿಗೆ ಫೋನು ಮಾಡಿಸಿದೆ. ತೀರ್ಥಹಳ್ಳಿಯ ಮೊಬೈಲ್ ಅಂಗಡಿಯವನು, ಬೊಟ್ಟು ಇದ್ದರೆ ತಿರುಗುವಾಗ ಗಡಗಡ ಅನ್ನತ್ತೆ ಅಂತ ಉಗುರಿನಲ್ಲಿ ಕಿತ್ತು ಆಮೇಲೆ ಬರೆದನಂತೆ. ಅಳಿಸು ಅಂತ ನಾನು ಹೇಳಿಲ್ಲ, ಸೇರಿಸು ಅಂತ ಹೇಳಿದ್ದು ಅಂತ ತಮ್ಮ ಫೋನಿನಲ್ಲೇ ಅತ್ತ. ಅಳೋನಿಗೆ ಏನು ಹೇಳೋದು, ಇಟ್ಟೆ.

ಅಂಗಡಿಗೆ ತಂದು ಬೆಳಕಿಗೆ ಹಿಡಿದು ತೋರಿಸಿದೆ. ಮಾಲೀಕರು ನೋಡಿ, ಹೋಯ್ತು ಬಿಡಿ, ಇನ್ನೇನೂ ಮಾಡಕ್ಕಾಗಲ್ಲ ಅಂದರು. ನಾನೂ ಒಂದು ಸಲ ಹಾಕಿ ನೋಡ್ತೀನಿ ಅಂತ ಕೈ ಚಾಚಿದರು. ನಾನು ಕೊಡಲಿಲ್ಲ. ಸಿಕ್ಕ ಸಿಕ್ಕವರೆಲ್ಲ ಹಾಕಿ ನೋಡಿದ್ದು ಸಾಕು. ಮೊದಲು ಬರೆದ ಸಾಗರದವನ ಹತ್ತಿರವೇ ಹೋಗಬೇಕು ಅಂತ ಗಟ್ಟಿ ಮಾಡಿದೆ. ಹಳೇ ಸೀರೆ ಚೂರಿನಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದೆ. ಚಾ ಅಂಗಡಿಯವಳೂ ಹೊರಟಳು. ಬೇಡ ಅಂದರೆ ಕೇಳೋ ಹೆಂಗಸಲ್ಲ. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟೆವು.

ಬಸ್ಸಿನಲ್ಲಿ ಕಂಡಕ್ಟರು, ಅವಳ ಚಾ ಕುಡಿದು ಬೆಳೆದವನು, ಏನಕ್ಕ ಇವತ್ತು ಮೌನವ್ರತನಾ ಅಂದ. ಅವನಿಗೆ ಗೊತ್ತಿರಲಿಲ್ಲ. ಅವಳು ಕತ್ತಿನ ಬಟ್ಟೆ ಸ್ವಲ್ಪ ಎತ್ತಿ ತೋರಿಸಿದಳು. ಆನಂದಪುರ ದಾಟುವ ತನಕ ಅವನು ಈ ಕಡೆ ಬರಲಿಲ್ಲ.

ಆಪರೇಟರು ಸೀಡಿಯನ್ನು ಕಂಪ್ಯೂಟರಿಗೆ ಹಾಕಿ ಏನೇನೋ ತೆರೆದು ನೋಡಿದ. “ಅಳ್ಸಿಲ್ಲ ಅಮ್ಮಾ. ಹಸಿರು ಸೀಡಿ ಅಳ್ಸಕ್ಕೆ ಬರಲ್ಲ. ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿದಾರೆ. ಡಿವಿಡಿ ಪ್ಲೇಯರ್ರು ಕಡೇ ಕೋಣೆ ಮಾತ್ರ ನೋಡತ್ತೆ. ಇವರ ಮಾತು ಮೊದಲನೇ ಕೋಣೇಲಿ ಹಂಗೇ ಇದೆ.”

ಚಾ ಅಂಗಡಿಯವಳು ನನ್ನ ಕೈ ಹಿಡಿದುಕೊಂಡಳು. ನನಗೂ ಜೀವ ಬಂದ ಹಾಗಾಯ್ತು. ಸುಳ್ಳು ಹೇಳಲ್ಲ.

ಪರದೆಯ ಮೇಲೆ ಅವಳ ಮಾತೆಲ್ಲ ಸಾಲಾಗಿ ಬಂದವು, ನಂಬರ್ ಸಮೇತ. ಅವನು ಮೊದಲನೇದನ್ನು ಒತ್ತಿದ. ಡ್ರೈವು ಗೊರಕೆ ಹೊಡೆದ ಹಾಗೆ ಸದ್ದು ಮಾಡಿತು. ನಿಂತಿತು. ಎರಡನೇದು, ಹಾಗೇ. ಸೀಡಿ ತೆಗೆದು, ತೂತಿನಿಂದ ಅಂಚಿಗೆ ಒರೆಸಿ, ಬೇರೆ ಕಂಪ್ಯೂಟರಿಗೆ ಹಾಕಿದ. ನಿಧಾನ ಓಡಿಸಿದ. ಗಿರಾಕಿಗಳು ಬಂದರು, ಹೋದರು, ಅವನು ಅವರನ್ನು ನೋಡಲೇ ಇಲ್ಲ. ಆಮೇಲೆ ಸೀಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನಮಗೆ ತೋರಿಸಿದ. ಬೊಟ್ಟಿನಗಲದ ಕಿಂಡಿಯಿಂದ ಬೆಳಕು ಈಚೆಗೆ ಬರ್ತಿತ್ತು.

ಸೀಡಿ ಒಳಗಿನಿಂದ ಹೊರಗೆ ಬರೀತಾ ಹೋಗತ್ತಂತೆ, ಮೊದಲು ಹೇಳಿದ್ದು ತೂತಿನ ಹತ್ತಿರ. ಬೊಟ್ಟು ಅಂಟಿಸಿದ್ದೂ ಅಲ್ಲೇ. ಬರೆದದ್ದು ಪ್ಲಾಸ್ಟಿಕ್ಕಿನೊಳಗೆ ಇರಲ್ಲ, ಮೇಲಿನ ಆ ಬೆಳ್ಳಿ ಪದರಕ್ಕೆ ಅಂಟಿಕೊಂಡು ಇರತ್ತಂತೆ. ಬೊಟ್ಟು ಕೀಳುವಾಗ ಬೆಳ್ಳಿ ಬಂತು, ಬೆಳ್ಳಿ ಜೊತೆ ಮಾತು ಬಂತು. ಯಾವ ಊರಿಗೆ ಕಳಿಸಿದರೂ ಇಲ್ಲದ್ದನ್ನು ಯಾರು ಓದ್ತಾರೆ ಅಂದ.

ಅಗಳಿ ಹಾಕಿದ್ದಿದ್ದರೆ ತೀರ್ಥಹಳ್ಳಿಯವನ ಮಿಷನ್ನು ಸೇರಿಸಕ್ಕೆ ಒಪ್ಪುತ್ತಿರಲಿಲ್ಲ ಅಲ್ವಾ ಅಂತ ಕೇಳಿದೆ. ಹೌದು ಅಂದ. “ನೀವು ಮುಂದೆ ಮಾಡು ಅಂದ್ರಿ,” ಅಂದ, ಮೆತ್ತಗೆ. ಅಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿದ. ಮುಂದೆ ಮಾಡು ಅಂದರೆ ನಿಮ್ಮ ಲೆಕ್ಕದಲ್ಲಿ ಏನು ಅಂತ ಕೇಳಿದ. ಮುಂದೆ ಮಾಡು ಅಂದರೆ ಅದೇ, ಅದೇ ಅಂದರೆ ಮುಂದೆ ಮಾಡೋದು ಅಂತ ಅವರು ಆ ಕಡೆ ತಡವರಿಸಿದ್ದು ನನಗೂ ಕೇಳಿಸಿತು. ಆಗಲೂ ಆ ಮಾತು ಬಾಯಿಗೆ ಬರಲಿಲ್ಲ.

ಒಂದೊಂದಾಗಿ ಎಲ್ಲಾ ನಂಬರ್ ನೋಡಿದ. ಹಾವು ಹೋಗಿತ್ತು. ಅಂಗಳ ಹೋಗಿತ್ತು. ಮಾತ್ರೆಯಲ್ಲಿ ‘ಮಾ’ ಅಂತ ಬಂದು ಕಡೀತು. ನಾನಿಲ್ಲೇ ಇದೀನಿ ಅನ್ನೋದು ಬರೀ ಚರಚರ. ಚಾ ಅಂಗಡಿಯವಳು ಪ್ರತಿ ಸಲ ಮೇಜಿಗೆ ಬೆರಳು ಕುಟ್ಟುತ್ತಿದ್ದಳು, ಮುಂದಿನದು, ಮುಂದಿನದು. ಕಡೇ ಎರಡು ಉಳಿದವು. ಅವನು ಒತ್ತಿದ.

ಏ ಪುಟ್ಟಿ, ಕಿವಿನೂ ಹೋಯ್ತೇನೆ ನಿಂದು?

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರು ಕೂಗಿದ್ದು ಅಂತ. ಕೂಗಿದವಳು ಅಲ್ಲೇ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದಳು. ಕತ್ತಿನ ಬಟ್ಟೆ ಮೇಲೆ ಕೆಳಗೆ ಆಗ್ತಿತ್ತು. ನಕ್ಕಳೋ ಅತ್ತಳೋ ನನಗೆ ಗೊತ್ತಿಲ್ಲ, ಸದ್ದಿಲ್ಲದೆ ಎರಡೂ ಒಂದೇ ಥರ ಕಾಣತ್ತೆ. ಬಾಗಿಲು ಮುಂದೆ ಮಾಡ್ಕ, ಅದೂ ಪೂರ್ತಿ ಬಂತು. ಬೇಕಾದ್ದೆಲ್ಲ ಹೋಗಿ ಬೈಗುಳ ಒಂದು, ಬಾಗಿಲು ಒಂದು ಉಳೀತು.

ಆಪರೇಟರು ಆ ಎರಡನ್ನು ಹೊಸ ಸೀಡಿಗೆ ಹಾಕಕ್ಕೆ ತಯಾರು ಮಾಡಿದ. ಕಳೆದುಹೋದ ಮಾತನ್ನೆಲ್ಲ ನೀವೇ ನಿಮ್ಮ ದನಿಯಲ್ಲಿ ಹೇಳಿಬಿಡಿ, ಕೆಲಸಕ್ಕಾದರೂ ಆಗತ್ತೆ ಅಂತ ನನಗೆ ಹೇಳಿದ. ಹೇಳಿದೆ. ಮೈಕು ಹಿಡಿದು, ಬಿಸಿ ಇದೆ, ಮುಟ್ಟಬ್ಯಾಡ ಅಂದೆ. ಅವನು ಅದನ್ನು ಹಾಕಿ ಕೇಳಿಸಿದ. ನನ್ನ ದನಿ ನನಗೇ ಅಂಚೆ ಕೊಡಕ್ಕೆ ಬಂದವರ ಹಾಗೆ ಕೇಳಿತು. ಚಾ ಅಂಗಡಿಯವಳು ಬೇಡ ಅಂತ ಬೆರಳು ಆಡಿಸಿದಳು. ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೈ ಸುಟ್ಟವಳು ಪುಟ್ಟಿ, ಇದು ಬೇಕಾಗತ್ತೆ ಕಣೆ ಅಂತ ಅಂದೆ. ಮತ್ತೆ ಬೆರಳು ಆಡಿಸಿದಳು.

ಸರಿ, ಇವತ್ತು ಎರಡೇ ಹಾಕ್ತೀನಿ, ತೆರೆದಿಡ್ತೀನಿ, ಮುಂದೆ ಯಾವತ್ತಾದರೂ ಸೇರಿಸೋದಿದ್ದರೆ ಇರಲಿ ಅಂತ ಆಪರೇಟರು ಹೇಳಿದ. ಒಳ್ಳೇ ಮನಸ್ಸಿನಿಂದಲೇ ಹೇಳಿದ.

ಅವಳು ಎದ್ದು ಬಂದಳು. ಒಂದು ಅಂಗೈಯನ್ನು ಇನ್ನೊಂದು ಅಂಗೈ ಮೇಲೆ ತಂದು ಒತ್ತಿದಳು. ಬಿಡದೆ ಒತ್ತಿ ಹಿಡಿದಳು. ಅವನಿಗೂ ತಿಳೀತು, ನನಗೂ ತಿಳೀತು. ಈ ಸಲ ಮಾತಿನ ಗೊಂದಲ ಇರಲಿಲ್ಲ.

ಅವನು ಚೌಕದಲ್ಲಿ ಸರಿ ಗುರುತು ಹಾಕಿ ಬರೆದ. ನಾನು ಅಷ್ಟಕ್ಕೆ ಬಿಡಲಿಲ್ಲ. ಅಗಳಿ ಬಿದ್ದಿದೆ ಅಂತ ಹೇಗೆ ಗೊತ್ತು, ತಳ್ಳಿ ತೋರಿಸು ಅಂದೆ. ಅವನು ಅದೇ ಸೀಡಿಗೆ ಬೇರೊಂದು ಹಾಡು ಸೇರಿಸಕ್ಕೆ ಹೋದ. ಕಂಪ್ಯೂಟರು ಟಣ್ ಅಂದು ಕೆಂಪು ಗುರುತು ತೋರಿಸಿತು, ಡ್ರಾಯರು ಸೀಡಿಯನ್ನು ಹೊರಗೆ ತಳ್ಳಿತು. ಇನ್ನೊಂದು ಕಂಪ್ಯೂಟರಿನಲ್ಲೂ ಹಾಕಿಸಿದೆ. ಅಲ್ಲೂ ಹೊರಗೆ ತಳ್ಳಿತು. ಅದೇ ಥರದ್ದು ಇನ್ನೂ ಎರಡು ಮಾಡಿಸಿದೆ, ಅವನ್ನೂ ತಳ್ಳಿಸಿ ನೋಡಿದೆ. ಬೊಟ್ಟು ಅಂಟಿಸಬೇಡಿ, ಗುರುತಿಗೆ ಡಬ್ಬಿಗೆ ದಾರ ಕಟ್ಟಿ ಅಂದ. ಇಷ್ಟು ಬಿಗಿ ಮಾಡಿದ್ದು ಎರಡು ಮಾತಿಗೆ.

ರಿಪ್ಪನ್‌ಪೇಟೆಗೆ ಬಂದಾಗ ಸಂಜೆ. ಪುಟ್ಟಿ ಕೈಗೆ ಮುಲಾಮು ಹಚ್ಚಿಕೊಂಡು ಕೂತಿದ್ದಳು. ಅಕ್ಕ ಸೀಡಿ ಹಾಕಿ ಒಂದು ಒತ್ತಿದಳು. ಬೈಗುಳ ಬಂತು. ಪುಟ್ಟಿ ಕತ್ತೆತ್ತಿದಳು.

“ಸಿಗ್ತಾ? ಎಲ್ಲಾ ಸಿಗ್ತಾ?”

ಅಕ್ಕ ಎರಡು ಒತ್ತಿದಳು. ಬಾಗಿಲು ಮುಂದೆ ಮಾಡ್ಕ. ಅಗಳಿ ಹಾಕಬ್ಯಾಡ. ನಾ ಬರ್ತೀನಿ. ಆಮೇಲೆ ಮೂರು ಒತ್ತಿದಳು. ಏನೂ ಬರಲಿಲ್ಲ. ಇಲ್ಲ ಅಂತ ಗೊತ್ತಿದ್ದೂ ನಾಲ್ಕು ಒತ್ತಿದಳು, ಐದು ಒತ್ತಿದಳು. ನಾನು ಕೈ ಹಿಡಿದು ರಿಮೋಟು ತಗೊಂಡೆ.

“ಎರಡೇ ಉಳಿದಿದ್ದು ಪುಟ್ಟಿ,” ಅಂದೆ.

ಅವಳು ನನ್ನ ದನಿ ಬಂದ ಕಡೆ ತಿರುಗಿದಳು. “ನಾನಿಲ್ಲೇ ಇದೀನಿ ಅನ್ನೋದು?”

“ಹೋಯ್ತು.”

“ಹೋಗ್ಲಿ,” ಅಂದಳು. “ಬೈದ್ರೆ ಊಟ ಅಂತ ತಿಳ್ಕತೀನಿ. ಎರಡು ಸಲ ಬೈದ್ರೆ ಬಿಸಿ. ಎಲ್ಲಿದೀಯ ಅಂತ ಕೇಳಿದಾಗ ಮಾತ್ರ ಬೈಬ್ಯಾಡ, ಬಂದು ಮುಟ್ಟು.”

ಅಕ್ಕ ಹೋಗಿ ಮುಟ್ಟಿದಳು. ನನಗೆ ಅಲ್ಲಿ ಕೆಲಸ ಇರಲಿಲ್ಲ, ಬಾಗಿಲು ಎಳೆದುಕೊಂಡು ಬಂದೆ.

ಮಾರನೇ ದಿನ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಮಾಲೀಕರು ದೇವರ ಫೋಟೋಕ್ಕೆ ಊದುಬತ್ತಿ ಹಚ್ಚುತ್ತಿದ್ದರು. ಯಾರೋ ನಾಮಕರಣದ ಫೋಟೋ ಸೀಡಿಗೆ ಹಾಕಿಸಬೇಕು, ಹೊಸನಗರದ ಬಸ್ಸಿಗೆ ಹೊತ್ತಾಯ್ತು ಅಂತ ನಿಂತಿದ್ದರು. ರಿಪೇರಿಯಾಗಿ ಬಂದ ನಮ್ಮ ಮಿಷನ್ನಿಗೆ ಹಸಿರು ಸೀಡಿ ಹಾಕಿದೆ. ಪರದೆಯಲ್ಲಿ ಆ ಸಣ್ಣ ಚೌಕ ಬಂತು, ಇಷ್ಟು ದಿನ ನಾನು ಲಕ್ಷ್ಯ ಕೊಡದೇ ಇದ್ದದ್ದು. ಅದನ್ನು ಏನು ಮಾಡಲಿ ಅಂತ ಮಾಲೀಕರನ್ನು ಕೇಳಿದೆ.

“ಮುಂದೆ ಮಾಡು,” ಅಂದರು, ತಿರುಗಿ ನೋಡದೆ.

“ಅದು ಬೇಡ. ಹೆಸರು ಹಿಡಿದು ಹೇಳಿ.”

“ಬೋಣಿ ಆಗಿಲ್ಲ ಇನ್ನೂ.”

ನಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಬಸ್ಸಿನವನು ಹಾರನ್ನು ಹೊಡೆದ. ನಾಮಕರಣದವರು ನನ್ನ ಮುಖ ನೋಡಿದರು, ಮಾಲೀಕರ ಮುಖ ನೋಡಿದರು. ಮಾಲೀಕರು ಊದುಬತ್ತಿ ಸಿಕ್ಕಿಸಿ, ಬೀದಿ ಕಡೆ ಒಂದು ಸಲ ನೋಡಿ, ನನ್ನ ಹತ್ತಿರ ಬಂದು, ಬಗ್ಗಿ, ಕಿವಿಯಲ್ಲಿ ಮೆಲ್ಲಗೆ ಹೇಳಿದರು.

“ಮುಚ್ಚು.”

ಕೇಳಿಸಲಿಲ್ಲ ಅಂದೆ.